ರಂಜಕದ ಹುಡುಗಿಗೆ ಕೊಟ್ಟ ಸ್ಟಾರು

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಮದ್ದೂರಿನಲ್ಲಿ ಬಸ್ಸು ಹತ್ತಿ, ಮಳವಳ್ಳಿಯಲ್ಲಿ ಇನ್ನೊಂದು ಬಸ್ಸು ಹಿಡಿದು, ಹಲಗೂರಿನಲ್ಲಿಳಿದು ಆಟೋದಲ್ಲಿ ಇರುಕಿಕೊಂಡು ಹೋಗಿ ಶಾಲೆಯ ಗೇಟು ತಳ್ಳುವ ಹೊತ್ತಿಗೆ ಅರ್ಧ ದಿನದ ತಾಳ್ಮೆ ಖರ್ಚಾಗಿರುತ್ತಿತ್ತು. ಉಳಿದರ್ಧದಲ್ಲಿ ಏಳನೆಯ, ಎಂಟನೆಯ ತರಗತಿಗಳಿಗೆ ವಿಜ್ಞಾನ ಹೇಳಬೇಕು.

ಪಾಠ ಮುಗಿಸಿ "ಅರ್ಥ ಆಯ್ತೇನ್ರೋ?" ಎಂದರೆ ಇಡೀ ತರಗತಿ "ಊಂ ಮಿಸ್" ಅನ್ನುತ್ತದೆ. ಹದಿನೈದು ವರ್ಷ ಕೇಳಿದ್ದೇನೆ. ನಿಜವಾಗಿ ಅರ್ಥವಾದ ಊಂ ಚಿಕ್ಕದು, ಹುಡುಗರು ನನ್ನ ಮುಖ ನೋಡಿಕೊಂಡೇ ಹೇಳುತ್ತಾರೆ. ಅರ್ಥವಾಗದ ಊಂ ಸ್ವಲ್ಪ ಉದ್ದ. ಅದನ್ನು ಹೇಳುವಾಗ ಕಣ್ಣು ಬೋರ್ಡಿನ ಮೇಲಿರುತ್ತದೆ. ಅಂಥ ಊಂ ಕೇಳಿಸಿದರೆ ನಾನು ಸೀಮೆಸುಣ್ಣ ಎಸೆಯುತ್ತಿದ್ದೆ.

ಆ ವರ್ಷ ಶಾಲೆಗೆ ಆವರ್ತ ಕೋಷ್ಟಕದ ದೊಡ್ಡ ಚಾರ್ಟೊಂದು ಬಂತು. ಎಂಟನೆಯವರಿಗೆ ಅದು ಪಾಠದಲ್ಲೇ ಇಲ್ಲ, ಹೈಸ್ಕೂಲಿನ ಕೊನೆಯ ವರ್ಷದಲ್ಲಿ ಬರುವಂಥದ್ದು. ಆದರೂ ನೇತು ಹಾಕಿದೆ. ಬಣ್ಣಬಣ್ಣದ ಮನೆಗಳು, ಒಂದೊಂದು ಮನೆಗೆ ಒಂದೊಂದು ಧಾತು. ಮಕ್ಕಳು ಬಾಯಿ ಬಿಟ್ಟುಕೊಂಡು ನೋಡಿದವು. ನನಗೆ ಹುರುಪು ಬಂತು. ಒಬ್ಬೊಬ್ಬರಿಗೂ ಒಂದೊಂದು ಧಾತು ಹಂಚಿದೆ. ಹಾಜರಿ ಕರೆದಾಗ "ಬಂದಿದೀನಿ ಮಿಸ್" ಅನ್ನುವ ಹಾಗಿಲ್ಲ. ಎದ್ದು ನಿಂತು ತಮ್ಮ ಧಾತುವಿನ ಹೆಸರು ಹೇಳಬೇಕು, ಅದರಿಂದ ನಮಗಾಗುವ ಒಂದು ಉಪಕಾರ ಹೇಳಬೇಕು. "ಕಬ್ಬಿಣ, ಮಿಸ್. ನಾನಿಲ್ದೆ ರಕ್ತ ಇಲ್ಲ." "ತಾಮ್ರ, ಮಿಸ್. ನಾನಿಲ್ದೆ ಕರೆಂಟಿಲ್ಲ." ಹಳ್ಳಿಯ ಕನ್ನಡ ಶಾಲೆಯ ಮಕ್ಕಳು ಇಂಗ್ಲಿಷಿನ ಹೆಸರುಗಳನ್ನೂ ಅಕ್ಷರ ಬಿಡದೆ ಕಲಿತರು. ಅಧಿಕಾರಿಗಳು ಭೇಟಿಗೆ ಬಂದಾಗ ಹುಬ್ಬೇರಿಸಿದರು. ನಾನು ಉಬ್ಬಿಹೋದೆ.

ಕೆಟ್ಟದ್ದನ್ನು ಹೇಳಲೇ ಇಲ್ಲ. ಪಾದರಸ, ಸೀಸ, ಆರ್ಸೆನಿಕ್ ಇವನ್ನು ಯಾರಿಗೂ ಕೊಡಲಿಲ್ಲ. ಮೊದಲೇ ವಿಜ್ಞಾನ ಅಂದರೆ ಹೆದರಿ ಸಾಯುವ ಮಕ್ಕಳು, ಇನ್ನೂ ಯಾಕೆ ಹೆದರಿಸುವುದು ಅಂದುಕೊಂಡೆ.

ಮುಂದಿನ ಬೆಂಚಿನ ತುದಿಯಲ್ಲಿ ಕೂರುತ್ತಿದ್ದ ಒಬ್ಬ ಹುಡುಗಿಗೆ ರಂಜಕ, ಅಂದರೆ ಫಾಸ್ಫರಸ್, ಬಂತು. ಅವಳಿಗೆ ಚಿನ್ನ ಬೇಕಾಗಿತ್ತು. ಮುಖ ಊದಿಸಿಕೊಂಡು ಕೂತಳು. ನಾನು ಕರೆದು ಅವಳ ಮಣಿಕಟ್ಟು ಹಿಡಿದು, "ಲೇ, ಚಿನ್ನ ಇಲ್ಲದೆ ಬದುಕಬಹುದು. ಈ ಮೂಳೆ ಇದೆಯಲ್ಲ, ರಂಜಕ ಇಲ್ಲದಿದ್ದರೆ ನೆಟ್ಟಗೆ ನಿಲ್ಲಲ್ಲ, ಗೊತ್ತಾ?" ಎಂದೆ. ಅವಳು ತನ್ನ ಕೈಯನ್ನೇ ತಿರುಗಿಸಿ ತಿರುಗಿಸಿ ನೋಡಿಕೊಂಡಳು. ಅವತ್ತಿನಿಂದ ಎಲ್ಲರಿಗಿಂತ ಗಟ್ಟಿಯಾಗಿ ಕೂಗುತ್ತಿದ್ದವಳು ಅವಳೇ. "ರಂಜಕ, ಮಿಸ್. ನಾನಿಲ್ದೆ ಮೂಳೆ ಇಲ್ಲ." ಅವಳ ಪಕ್ಕದಲ್ಲಿ ಕೂರುತ್ತಿದ್ದ ಗೆಳತಿ ಅಲ್ಯೂಮಿನಿಯಂ. "ನಾನಿಲ್ದೆ ಅನ್ನ ಬೇಯಲ್ಲ."

ಆಮೇಲೆ ಇನ್ನೊಂದು ಆಟ ಹೂಡಿದೆ. ಮನೆಯಲ್ಲಿರುವ ಡಬ್ಬಿ, ಪೊಟ್ಟಣ, ಗೊಬ್ಬರದ ಚೀಲ ಏನಿದ್ದರೂ ಅದರ ಮೇಲೆ ಬರೆದಿರುವುದನ್ನು ಓದಬೇಕು. ಯಾವ ಗೆಳೆಯರ ಧಾತು ಅದರಲ್ಲಿದೆ ಎಂದು ಪುಸ್ತಕದಲ್ಲಿ ಬರೆದುಕೊಂಡು ಬರಬೇಕು. ಇಬ್ಬರನ್ನು ಒಂದೇ ಕಡೆ ಹಿಡಿದವರಿಗೆ ಕೆಂಪು ಶಾಯಿಯಲ್ಲಿ ಒಂದು ಸ್ಟಾರು.

ಮಾಗಿಯ ಚಳಿ ಶುರುವಾಗಿತ್ತು. ಒಂದು ಬೆಳಗ್ಗೆ ಬಸ್ಸು ತಡವಾಗಿ, ಆಟೋದವನ ಜೊತೆ ಜಗಳವಾಗಿ, ಉರಿದುಕೊಂಡೇ ಬಂದಿದ್ದೆ. ಮೇಜಿನ ಮೇಲೆ ತಿದ್ದದ ಪುಸ್ತಕಗಳ ರಾಶಿ. ಈ ಹುಡುಗಿ ಓಡಿಬಂದು ತನ್ನ ಪುಸ್ತಕವನ್ನು ಎಲ್ಲಕ್ಕಿಂತ ಮೇಲಿಟ್ಟಳು.

"ಮಿಸ್, ಮಿಸ್! ನಮ್ಮನೇಲಿ ಒಂದೇ ಡಬ್ಬೀಲಿ ನಾನೂ ಇವ್ನಿ, ಅಲ್ಯೂಮಿನಿಯಮ್ಮೂ ಅದೆ!"

"ಹೌದಾ? ಎಲ್ಲಿ ತೋರಿಸು."

ಇಂಗ್ಲಿಷ್ ಅಕ್ಷರಗಳನ್ನು ಇದ್ದದ್ದು ಇದ್ದಹಾಗೆ ಬರೆದುಕೊಂಡು ಬಂದಿದ್ದಳು. ಅಲ್ಯೂಮಿನಿಯಂ. ಅದರ ಮುಂದೆ ಫಾಸ್ ಅಂತ ಶುರುವಾಗುವ ಇನ್ನೊಂದು ಪದ.

"ನಮ್ಮಜ್ಜಿ ಕೇಳುದ್ರು ಮಿಸ್, ಇದ್ರಲ್ಲಿ ಏನದೆ ಓದವ್ವ ಅಂತ. ಅಜ್ಜಿ ಮಲಗೋ ಕ್ವಾಣೇಲೇ ರಾಗಿ ಮೂಟೆ ಇರಾದು. ಹುಳ ಬಿದ್ದದೆ, ಇವತ್ತು ಸಂಜೆ ಆ ಡಬ್ಬಿ ಮಾತ್ರೆ ಮೂಟೆಗೆ ಆಕ್ತಾರೆ. ಇಬ್ರೂ ನಮ್ಮೋರೆ, ಒಳ್ಳೇರೆ ಅಂತ ಯೋಳ್ದೆ ಮಿಸ್!"

ಅವಳು ಇಷ್ಟೂ ಹೇಳಿದಳು, ಒಂದು ಮಾತೂ ಬಿಡಲಿಲ್ಲ. ನಾನು ಕೇಳಿಸಿಕೊಂಡೆ ಅನ್ನುವುದಕ್ಕೆ ನನ್ನದೇ ಕೈಬರಹ ಸಾಕ್ಷಿ. ಕೆಂಪು ಪೆನ್ನು ತೆಗೆದು ಸ್ಟಾರು ಹಾಕಿದೆ. ಕೆಳಗೆ "ಶಭಾಷ್" ಎಂದು ಬರೆದೆ. "ಸರಿ, ಹೋಗಿ ಕೂತ್ಕೊ" ಎಂದು ಮುಂದಿನ ಪುಸ್ತಕ ತೆಗೆದುಕೊಂಡೆ. ಯಾವ ಡಬ್ಬಿ, ಏನು ಮಾತ್ರೆ ಎಂದು ಕೇಳಲಿಲ್ಲ. ಬಾಯಲ್ಲಿ ನಾಲಿಗೆ ಇತ್ತು, ಕೇಳಲಿಲ್ಲ.

ಅದು ಅಲ್ಯೂಮಿನಿಯಂ ಫಾಸ್ಫೈಡ್, ಕಾಳಿನ ಹುಳ ಸಾಯಿಸುವ ಮಾತ್ರೆ. ಗಾಳಿಯ ತೇವ ತಗುಲಿದರೆ ವಿಷಾನಿಲ ಬಿಡುತ್ತದೆ. ಜನ ಮಲಗುವ ಮನೆಯಲ್ಲಿ ಇಡಲೇಬಾರದ ವಸ್ತು. ಕಾಲೇಜಿನಲ್ಲಿ ನಾನು ಓದಿದ್ದೆ, ಪರೀಕ್ಷೆಯಲ್ಲಿ ಬರೆದಿದ್ದೆ. ಅವರಿಗೆ ಅದು ಪಕ್ಕದ ಮನೆಯವರು ಬಳಸಿ ಉಳಿಸಿ ಕೊಟ್ಟ ಡಬ್ಬಿ. ಮೇಲಿನ ಚೀಟಿ ಅರ್ಧ ಹರಿದುಹೋಗಿ, ಎಚ್ಚರಿಕೆಯ ಗುರುತು ಹರಿದ ಭಾಗದ ಜೊತೆಗೇ ಹೋಗಿತ್ತು, ಹೆಸರೊಂದೇ ಉಳಿದಿತ್ತು. ಹುಡುಗಿಯ ಅಪ್ಪ ಅದನ್ನು ಬಟ್ಟೆಯ ಟ್ರಂಕಿಗೆ ಹಾಕುವ ನುಸಿಗುಳಿಗೆಯ ಥರದ್ದು ಅಂದುಕೊಂಡಿದ್ದ. ಅಜ್ಜಿಗೆ ಮಾತ್ರ ಅನುಮಾನ ಬಂದಿತ್ತು. ಓದು ಬಾರದ ಆಕೆ, ಓದು ಬರುವ ಮೊಮ್ಮಗಳನ್ನು ಕೇಳಿದ್ದರು. ಮೊಮ್ಮಗಳು ನನ್ನನ್ನು ನಂಬಿದ್ದಳು.

ಸಂಜೆ ಮಾತ್ರೆ ಹಾಕಿ, ಮೂಟೆಗಳಿಗೆ ಟಾರ್ಪಾಲು ಹೊದಿಸಿದರು. ಅಜ್ಜಿ ಚಳಿಗೆ ಬಾಗಿಲು ಹಾಕಿಕೊಂಡು ಮಲಗಿದರು. ಉಳಿದವರು ನಡುಮನೆಯಲ್ಲಿದ್ದರು. ಬೆಳಗಾಗುವಷ್ಟರಲ್ಲಿ ಆಕೆಗೆ ವಾಂತಿ, ಎದೆನೋವು. ಮಳವಳ್ಳಿಯ ಆಸ್ಪತ್ರೆಗೆ ಸಾಗಿಸಿದರು, ಉಳಿಯಲಿಲ್ಲ. ಡಾಕ್ಟರು ಮನೆಯಲ್ಲೇನು ಇಟ್ಟಿದ್ದಿರಿ ಎಂದು ಕೇಳಿ, ಡಬ್ಬಿ ತರಿಸಿ ನೋಡಿ, ತಲೆ ತಲೆ ಚಚ್ಚಿಕೊಂಡರಂತೆ.

ಸುದ್ದಿ ಶಾಲೆಗೆ ಬಂತು. ಹೆಡ್‌ಮಾಸ್ಟರ ಜೊತೆ ಸಾವಿನ ಮನೆಗೆ ಹೋದೆ. ಅಂಗಳದಲ್ಲಿ ಜನ. ಹುಡುಗಿ ಕಂಬಕ್ಕೆ ಒರಗಿ ಕೂತಿದ್ದಳು, ಅಳುತ್ತಿರಲಿಲ್ಲ. ನನ್ನನ್ನು ಕಂಡ ಕೂಡಲೇ ಎದ್ದು ನಿಂತಳು, ತರಗತಿಯಲ್ಲಿ ನಿಲ್ಲುವ ಹಾಗೆ. ನೆಂಟರಲ್ಲೊಬ್ಬ ಹೆಂಗಸು, "ಯಾರವ್ವ ಅದ್ನ ಮನೇಲಿಕ್ಕಬೋದು ಅಂದೋರು? ಅವ್ರ ಬಾಯ್ಗೆ ಮಣ್ಣಾಕ!" ಎಂದು ಎದೆ ಬಡಿದುಕೊಳ್ಳುತ್ತಿದ್ದಳು. ಹುಡುಗಿ ನನ್ನ ಮುಖವನ್ನೇ ನೋಡಿದಳು. ನಾನು ನೆಲ ನೋಡಿದೆ. ಪಕ್ಕದ ಮನೆಯವರು ಕಾಫಿ ತಂದು ಕೊಟ್ಟರು. ಕುಡಿದೆ. ಹೆಡ್‌ಮಾಸ್ಟರು ಎದ್ದರು, ನಾನೂ ಎದ್ದೆ. ಆಟೋ ಹತ್ತುವವರೆಗೂ ಬೆನ್ನು ಉರಿಯುತ್ತಿತ್ತು.

ತಿಥಿ ಮುಗಿಯುವವರೆಗೆ ಅವಳು ಶಾಲೆಗೆ ಬರಲಿಲ್ಲ. ಅಷ್ಟೂ ದಿನ ನಾನು ಒಳಗೊಳಗೇ ವಾದ ಹೂಡಿದೆ. ಡಬ್ಬಿ ಕೊಟ್ಟ ನೆರೆಯವರದು ತಪ್ಪು, ಅಪ್ಪನದು ತಪ್ಪು, ಸರ್ಕಾರದ್ದು ತಪ್ಪು. ನಾನು ಮಾಡಿದ್ದೇನು, ಒಂದು ಸ್ಟಾರು ತಾನೇ? ಥೂ! ಇಷ್ಟು ಓದಿ ಬಂದದ್ದು ಇಂಥ ವಾದ.

ಚಾರ್ಟನ್ನು ಸುತ್ತಿ ಬೀರುವಿನ ಮೇಲಿಟ್ಟೆ. ಹಾಜರಿಗೆ ಧಾತು ಹೇಳುವುದನ್ನು ನಿಲ್ಲಿಸಿದೆ. ಕಾರಣ ಯಾರೂ ಕೇಳಲಿಲ್ಲ.

ಅವಳು ಮರಳಿ ಬಂದ ದಿನ ನಾನು ಸಂಯುಕ್ತಗಳ ಪಾಠದಲ್ಲಿದ್ದೆ. ಸೋಡಿಯಂ ನೀರಿಗೆ ಬಿದ್ದರೆ ಹೊತ್ತಿಕೊಳ್ಳುತ್ತದೆ, ಕ್ಲೋರಿನ್ ವಿಷದ ಗಾಳಿ, ಎರಡೂ ಕೂಡಿದರೆ ನಾವು ಸಾರಿಗೆ ಹಾಕುವ ಉಪ್ಪು. ಕೂಡಿದ ಮೇಲೆ ಧಾತುವಿನ ಹಳೆಯ ಗುಣ ಇರುವುದಿಲ್ಲ, ಎಂದೆ.

ಅವಳು ಎದ್ದು ನಿಂತಳು. "ಅಂಗಾದ್ರೆ ಒಳ್ಳೇವು ಎಲ್ಡು ಕೂಡುದ್ರೆ ಕೆಟ್ಟದ್ದೂ ಆಯ್ತದಾ ಮಿಸ್?"

"ಆಗುತ್ತೆ."

"ಈ ಪಾಠ ಮೊದ್ಲೇ ಯಾಕ್ ಮಾಡ್ನಿಲ್ಲ ಮಿಸ್?"

ಅದರಲ್ಲಿ ದೂರು ಇರಲಿಲ್ಲ. ತಿಳಿಯಬೇಕು ಅಂತ ಕೇಳಿದಳು. ನಾನು, "ಪುಸ್ತಕದಲ್ಲಿ ಯಾವ ಪಾಠ ಮೊದಲಿರುತ್ತೋ ಅದೇ ಮೊದಲು. ಅದೇನು ನಾನು ಬರೆದಿದ್ದಾ? ಕೂತ್ಕೊ ಬಾಯ್ಮುಚ್ಚಿಕೊಂಡು!" ಎಂದು ಕಿರುಚಿದೆ. ಸೀಮೆಸುಣ್ಣ ಕೈಯಲ್ಲೇ ಮುರಿಯಿತು. ಅವಳು ಕೂತಳು. ಮಾರನೆಯ ದಿನ ಬರಲಿಲ್ಲ. ಅದರ ಮಾರನೆಯ ದಿನವೂ ಇಲ್ಲ.

ಶನಿವಾರ ಅರ್ಧ ದಿನದ ಶಾಲೆ ಮುಗಿದ ಮೇಲೆ ನಾನೊಬ್ಬಳೇ ಅವರ ಮನೆಗೆ ನಡೆದುಕೊಂಡು ಹೋದೆ. ಅವಳ ಅಪ್ಪ ಜಗಲಿಯ ಮೇಲೆ ಹಗ್ಗ ಹೊಸೆಯುತ್ತಿದ್ದ. ಕೂರಿ ಎಂದ. ಕೂರಲಿಲ್ಲ. ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದ ಮಾತೆಲ್ಲ ಹೋಗಿ, "ಮಗು ಬೆಳಗ್ಗೆಯೇ ನನಗೆ ಹೇಳಿತ್ತು. ನಾನು ತಡೆಯಬಹುದಾಗಿತ್ತು. ನನ್ನದೇ ತಪ್ಪು" ಎಂದಷ್ಟೇ ಬಂತು.

ಅವನು ಹೊಸೆಯುವುದನ್ನು ನಿಲ್ಲಿಸಿದ.

"ಗೊತ್ತು ಮಿಸ್. ಅವ್ಳು ಅವತ್ತೇ ಯೋಳುದ್ಲು. ಮಿಸ್ಸುಗೆ ಯೋಳಿದ್ದೆ, ಇಸ್ಟಾರು ಕೊಟ್ರು ಅಂತವ."

"ಮತ್ತೆ ನೀವು ಕೇಳಲಿಲ್ಲ?"

"ಏನಂತ ಕೇಳಾನ? ಆ ಡಬ್ಬಿ ಮನೆಗ್ ತಂದೋನು ನಾನು. ನಿಮ್ಮೇಲೆ ಜಗಳಕ್ಕೆ ಯಾವ ಮಕ ಇಟ್ಕೊಂಡ್ ಬರ್ಲಿ?" ಹಗ್ಗವನ್ನು ಪಕ್ಕಕ್ಕಿಟ್ಟ. "ಆದ್ರೆ ಮಗ್ಳು ನಮ್ಮಾತ್ ಕೇಳಾಕಿಲ್ಲ ಮಿಸ್. ಅಜ್ಜಿನ್ ನಾನೇ ಸಾಯಿಸ್ದೆ ಅಂತಾಳೆ. ಅಲ್ಲ ಕಣವ್ವ ಅಂತ ನಾನೂ ಯೋಳ್ದೆ, ಅವ್ರವ್ವನೂ ಯೋಳುದ್ಲು. ಮಿಸ್ಸು ಯೋಳ್ಲಿ ಅಂತಾಳೆ. ಸಾವಿನ್ ದಿನ ಬಂದ್ರಲ್ಲ, ಯೋಳ್ತೀರೇನೋ ಅಂತ ಕಾದ್ಲು. ನೀವು ಕಾಪಿ ಕುಡ್ದು ಒಂಟೋದ್ರಿ. ಇಸ್ಕೂಲ್ಗೆ ಕಳಿಸ್ದೊ, ಅಲ್ಲಾದ್ರೂ ಯೋಳ್ತಾರೆ ಅಂತ. ಬೈಸ್ಕೊಂಡ್ ಬಂದ್ಲು."

ಜಗಲಿಯ ಅಂಚು ಹಿಡಿದು ಕೂತೆ. ಅವನು ಒಳಗೆ ಕೂಗಿದ. ಹುಡುಗಿ ಬಂದು ಬಾಗಿಲ ಪಟ್ಟಿಗೆ ಒತ್ತಿಕೊಂಡು ನಿಂತಳು. ಅವಳ ಕೈ ಹಿಡಿದೆ, ಮೂಳೆಯ ಪಾಠ ಹೇಳುವಾಗ ಹಿಡಿದಿದ್ದ ಅದೇ ಮಣಿಕಟ್ಟು.

"ನೀನೇನೂ ಮಾಡಲಿಲ್ಲ ಕಣಮ್ಮ. ನೀನು ಓದಿದ್ದು ಸರಿ. ನನಗೆ ಬಂದು ಹೇಳಿದ್ದೂ ಸರಿ. ಕೇಳಿಸಿಕೊಂಡು ಸುಮ್ಮನಿದ್ದವಳು ನಾನು. ತಪ್ಪು ನನ್ನದು, ನಿನ್ನದಲ್ಲ. ಅರ್ಥ ಆಯ್ತಾ?"

ಅವಳು ನನ್ನ ಮುಖ ನೋಡಲಿಲ್ಲ. ನನ್ನ ಹಿಂದಿದ್ದ ಗೋಡೆ ನೋಡಿದಳು.

"ಊಂ... ಮಿಸ್," ಎಂದಳು, ಉದ್ದಕ್ಕೆ.