ಬಂಟ್ವಾಳದಲ್ಲಿ ಏಳದ ಎಂಟು ಕಂಬ

ಕರ್ರ್, ಕರ್ರ್. ಬ್ಲೇಡಿನಿಂದ ಟ್ರೇಸಿಂಗ್ ಪೇಪರ್ ಕೆರೆಯುವ ಸದ್ದು. ಪಕ್ಕದ ಮನೆಯ ಹಮೀದಾಕ ತಪ್ಪಿದ ಗೆರೆ ಅಳಿಸುತ್ತಿದ್ದದ್ದು ಹಾಗೆ. ಕಳೆದ ಭಾನುವಾರ ಮದುವೆ ಹಾಲಿನಲ್ಲಿ ಗ್ರೀಕ್ ಕಂಬವೊಂದಕ್ಕೆ ಒರಗಲು ಹೋಗಿ, ಅದು ಥರ್ಮೋಕೋಲ್ ಎಂದು ತಿಳಿದು, ಬೀಳುವುದರಲ್ಲಿದ್ದ ನನಗೆ ಆ ಸದ್ದು ನೆನಪಾಯಿತು.

ಹಮೀದಾಕ ಕುವೈತಿನಲ್ಲಿ ಕಟ್ಟಡಗಳ ನಕ್ಷೆ ಬಿಡಿಸುವ ಡ್ರಾಫ್ಟ್ಸ್‌ಮನ್ ಆಗಿದ್ದವರು. ಊರಿಗೆ ಮರಳಿದ ಮೇಲೆ ಒಂದೇ ಹಟ: ಬಂಟ್ವಾಳಕ್ಕೊಂದು ಟೌನ್‌ಹಾಲ್. ಎಂಥ ಹಾಲ್! ಅವರ ನಕ್ಷೆಯಲ್ಲಿ ಎದುರಿಗೆ ಎಂಟು ಕಂಬ, ಮೇಲೆ ತ್ರಿಕೋನ, ನಡುವೆ ಗುಮ್ಮಟ, ಉದ್ದಕ್ಕೂ ಮೆಟ್ಟಿಲು. (ಮಳೆಗಾಲದಲ್ಲಿ ಆ ಮೆಟ್ಟಿಲಿನ ಪಾಚಿಯ ಮೇಲೆ ಎಷ್ಟು ಪುಢಾರಿಗಳು ಜಾರುತ್ತಾರೋ ಎಂದು ನಾನು ಆಸೆಯಿಂದ ಯೋಚಿಸಿದ್ದೆ.)

"ಅಯಾನಿಕ್ ಅಲ್ವಾ?" ಎಂದೆ. ಗ್ರೀಕ್ ಕಂಬಗಳ ಹೆಸರು ಕಾನ್ವೆಂಟಿನ ಸಿಸ್ಟರ್ ಗದರಿಸಿ ಕಲಿಸಿದ್ದು.

ಅವರ ಮುಖ ಅರಳಿತು. "ಟೀಚರೇ, ಈ ಊರಲ್ಲಿ ನಿಮಗೊಬ್ಬರಿಗೆ ಗೊತ್ತಾಯ್ತು. ಹಾಲ್ ಕಮಿಟಿಯಲ್ಲಿ ನೀವೂ ಇದ್ದೀರಲ್ಲ, ನನ್ನ ಪರ ನಿಲ್ಬೇಕು."

ಪ್ರಾಮಿಸ್ ಮಾಡಿದೆ.

ಮೀಟಿಂಗಿನಲ್ಲಿ ಅಧ್ಯಕ್ಷ ಶೆಟ್ರು ನಕ್ಷೆಯನ್ನು ತಲೆಕೆಳಗಾಗಿ ಹಿಡಿದು ನೋಡಿದರು. "ಲಾಯ್ಕ್ ಉಂಟು ಮಾರಾಯ್ರೆ. ಊಟದ ಹಾಲ್ ಎಲ್ಲಿ?"

"ಇದು ಸಭೆ ಸೇರ್ಲಿಕ್ಕೆ, ಶೆಟ್ರೇ. ಮಾತಾಡ್ಲಿಕ್ಕೆ."

"ಊಟ ಇಲ್ಲದಿದ್ರೆ ನಿಮ್ಮ ಮಾತು ಕೇಳ್ಲಿಕ್ಕೆ ಯಾರು ಬರ್ತಾರೆ?"

ಸುಳ್ಳೇ? ಮದುವೆಗೆ ಹೋದ ನಾವು ಮದುಮಕ್ಕಳಿಗಿಂತ ಮೊದಲು ಕೈತೊಳೆಯುವ ನಳ್ಳಿ ಎಲ್ಲಿದೆ ಎಂದು ನೋಡುವುದಿಲ್ಲವೇ?

ಹಮೀದಾಕ ಎರಡನೇ ನಕ್ಷೆ ತಂದರು. ಗುಮ್ಮಟ ಹೋಗಿತ್ತು. ಮೂರನೆಯದರಲ್ಲಿ ಕಂಬ ಆರಕ್ಕೆ ಇಳಿದಿತ್ತು. ಊಟದ ಹಾಲ್ ಮಾತ್ರ ಊಹೂಂ. "ಈ ಕಂಬದ ಹಿಂದೆ ಸಾಂಬಾರು ಕುದಿಸುವ ಜಾಗ ಬಿಡಿಸ್ಲಿಕ್ಕೆ ನನ್ನಿಂದಾಗುದಿಲ್ಲ."

ಶೆಟ್ರು ವೋಟಿಗೆ ಹಾಕಿದರು. ಊಟದ ಹಾಲ್ ಬೇಕೆನ್ನುವವರು ಕೈ ಎತ್ತಿ! ಹಮೀದಾಕ ಬೇರೆ ಯಾರನ್ನೂ ನೋಡಲಿಲ್ಲ, ನನ್ನನ್ನೇ ನೋಡಿದರು. ನನ್ನ ಕೈಯೂ ಮೇಲಿತ್ತು. (ತಂಗಿಯ ಮಗಳ ಮದುವೆಗೆ ಹಾಲ್ ಹುಡುಕುತ್ತಾ ಮೂಡುಬಿದಿರೆಯವರೆಗೆ ಅಲೆದವಳು ನಾನು. ತತ್ವ, ಪ್ರಿನ್ಸಿಪಲ್ ಎಂಬುದೆಲ್ಲ ಅಷ್ಟೇ, ಡಿಯರ್ಸ್.)

ಅವರು ಮೂರೂ ನಕ್ಷೆ ಸುತ್ತಿಕೊಂಡು ಎದ್ದು ಹೋದರು. ಹಾಲ್ ಎದ್ದಿತು, ಮೇಲೆ ತಗಡಿನ ಶೀಟು, ಕೆಳಗೆ ವಿಶಾಲವಾದ ಊಟದ ಹಾಲ್. ತಂಗಿಯ ಮಗಳ ಮದುವೆ ಅಲ್ಲೇ ಆಯಿತು. ಗ್ರ್ಯಾಂಡ್ ಆಗಿಯೇ ಆಯಿತು.

ಹಮೀದಾಕ ತೀರಿಹೋಗಿ ಎರಡು ವರ್ಷ. ಕೊನೆಯ ಸಲ ಅವರನ್ನು ನೋಡಿದ್ದು ಬಸ್ಸಿನಲ್ಲಿ. "ಬನ್ನಿ ಟೀಚರೇ, ಕೂತ್ಕೊಳ್ಳಿ" ಎಂದು ಕಿಟಕಿಯ ಸೀಟು ಬಿಟ್ಟುಕೊಟ್ಟರು. ಸಾರಿ ಹೇಳಲು ಬಿ.ಸಿ. ರೋಡಿನಿಂದ ಫರಂಗಿಪೇಟೆಯವರೆಗೆ ಸಮಯವಿತ್ತು.

ನಾನು ಸೆಖೆಯ ಬಗ್ಗೆ ಮಾತಾಡಿದೆ.