ಔರಾದಿನಿಂದ ಸೇರಿಸಿದ ಹೆಸರು

—ಅಥವಾ ಆ ದಿನ ಮ್ಯಾನೇಜರ್ ಮುಂದೆ ನೀವು ನಿಂತಿದ್ದಿರೋ, ಕುಳಿತಿದ್ದಿರೋ. ನೆನಪು ಒಮ್ಮೊಮ್ಮೆ ಒಂದೊಂದು ಹೇಳುತ್ತದೆ, ಅದನ್ನು ನಂಬಲಾರೆ. ನಾನು ಹೇಳಿದ್ದು ಸುಳ್ಳು ಎಂಬುದು ಮಾತ್ರ ಗಟ್ಟಿ. ಸುನಂದಕ್ಕ, ನಿಮ್ಮ ಕೆಲಸ ಹೋದದ್ದು ಆ ಸುಳ್ಳಿನಿಂದ.

ಡಯಾಲಿಸಿಸ್ ರೋಗಿಗಳನ್ನು ಔರಾದಿನಿಂದ ಭಾಲ್ಕಿ ಸುತ್ತಿ ಬೀದರಿಗೆ ಕರೆತರುವ ಗಾಡಿ. ಅದರಲ್ಲಿ ಬರುವವರ ಹೆಸರು ಸೇರಿಸುವ ವೆಬ್ ಅಪ್ಲಿಕೇಶನ್ ಬರೆದವನು ನಾನು. ರೋಗಿಗಳಿಗೆ ಬೇರೆ ಟೇಬಲ್ ಮಾಡಿ, ಒಬ್ಬೊಬ್ಬರಿಗೆ ಒಂದು ಸಾಲು ಕೊಡಬೇಕಿತ್ತು. ಮಾಡಲಿಲ್ಲ—ಒಂದು ಟ್ರಿಪ್ಪಿನ ಅಷ್ಟೂ ಹೆಸರುಗಳನ್ನು ಡೇಟಾಬೇಸಿನ ಒಂದೇ ಕಾಲಮ್ಮಿನಲ್ಲಿ ಅರೇ ಮಾಡಿ, ಅಂದರೆ ಒಂದೇ ಪಟ್ಟಿಯಾಗಿ ಪೋಣಿಸಿ, ತುಂಬಿದೆ. ಬೇಗ ಮುಗಿಯಿತು. ಆದರೆ ಒಂದು ಹೆಸರು ಸೇರಿಸಿದರೂ ನನ್ನ ಕೋಡ್ ಇಡೀ ಪಟ್ಟಿಯನ್ನು ಹೊಸದಾಗಿ ಬರೆಯುತ್ತಿತ್ತು. ಔರಾದಿನಲ್ಲಿ ಹೆಸರು ಸೇರಿಸುವ ಕೆಲಸದಲ್ಲಿದ್ದ ನೀವು, ಭಾಲ್ಕಿಯಲ್ಲಿ ಇನ್ನೊಬ್ಬರು ಒಟ್ಟಿಗೆ ಅದನ್ನು ತೆರೆದಿದ್ದರೆ, ಕೊನೆಗೆ ಸೇವ್ ಒತ್ತಿದವರದೇ ಉಳಿಯುತ್ತಿತ್ತು. ಮೊದಲು ಒತ್ತಿದವರ ಹೆಸರು ಸದ್ದಿಲ್ಲದೆ ಅಳಿಯುತ್ತಿತ್ತು.

ಆ ದಿನ ನಿಮ್ಮ ಔರಾದಿನ ರೋಗಿ ಗುಂಡಪ್ಪನವರನ್ನು ಡ್ರೈವರ್ ಹತ್ತಿಸಿಕೊಳ್ಳಲಿಲ್ಲ. "ನನ್ನ ಫೋನಿನ್ಯಾಗ ಇಲ್ದಾವ್ರು ನನ್ನ ಗಾಡ್ಯಾಗ ಹ್ಯಾಂಗ ಕೂಡ್ತಾರ್ರಿ?" ಡಯಾಲಿಸಿಸ್ ತಪ್ಪಿ, ಮರುದಿನ ಮುಖವೆಲ್ಲ ಊದಿಕೊಂಡು ಗುಂಡಪ್ಪನವರು ಬಂದರು. ಜೀವ ಉಳಿಯಿತು. ಮ್ಯಾನೇಜರ್ ನಿಮ್ಮನ್ನು ಬೀದರಿಗೆ ಕರೆಸಿದರು.

"ಖರೇನ ಹೆಸರ ಹಾಕೀನ್ರಿ ಸರ. ಸೇವ್ ಆತಂತ ಹಸಿರ ಗುರ್ತ ಬಂದಿದ್ದ ನೋಡೇ ಎದ್ದೀನ್ರಿ."

"ಅಂದ್ರ ಕಂಪ್ಯೂಟರ್ ಹೆಸರ ನುಂಗ್ತದೇನವಾ?"

ಮ್ಯಾನೇಜರರ ಮಾತಿಗೆ ಎಲ್ಲರೂ ನಕ್ಕರು. ನಾನೂ—ನಕ್ಕಿರಬೇಕು. ನೀವು ಬರುವ ಮೊದಲೇ ಕಂಪ್ಯೂಟರಿನಲ್ಲಿ ಒಂದೇ ಪಟ್ಟಿಯನ್ನು ಎರಡು ಕಿಟಕಿಗಳಲ್ಲಿ ತೆರೆದು ಪರೀಕ್ಷಿಸಿದ್ದೆ. ಅದು ನುಂಗಿತ್ತು. ಆದರೂ ಹೇಳಿದೆ: "ಸಿಸ್ಟಮ್ ಬರೋಬ್ಬರಿ ಅದರಿ. ಅಕ್ಕೋರು ಸೇವ್ ಮಾಡಿಲ್ಲ."

ನೀವು ನನ್ನನ್ನೇ ನೋಡಿದಿರಿ.  

ಆಮೇಲೆ ಗುಟ್ಟಾಗಿ ಪ್ರತಿ ಹೆಸರಿಗೂ ಬೇರೆ ಸಾಲು ಮಾಡಿದೆ. ಬದಲಾವಣೆಯ ಟಿಪ್ಪಣಿಯಲ್ಲಿ 'ವೇಗ ಹೆಚ್ಚಿಸಲಾಗಿದೆ' ಎಂದು ಬರೆದೆ. ಬೇರೆ ಕಡೆ ಕರೆದರೂ ಹೋಗಲಿಲ್ಲ—ನನ್ನ ಜಾಗಕ್ಕೆ ಬಂದವರು ಹಳೆಯ ಕೋಡ್ ತೆರೆದರೆ? ಚಿದ್ರಿಯ ಮನೆ, ಈ ಕುರ್ಚಿ, ಮತ್ತೆ ಮನೆ. ಯಾರಾದರೂ "ಒಂದ್ನಿಮಿಷ ಬರ್ರಿ" ಎಂದರೆ ಇವತ್ತಿಗೂ ತೆರೆದ ಕೋಡ್ ಮುಚ್ಚಿಯೇ ಏಳುತ್ತೇನೆ. ನಿಮ್ಮನ್ನು ಹೊರಗೆ ಹಾಕಿಸಿ ನಾನು ಒಳಗೆ ಸಿಕ್ಕಿಕೊಂಡೆ.

ಇದನ್ನು ಮೊದಲು ನಿಮಗೆ ಕಳಿಸುತ್ತೇನೆ, ಆಮೇಲೆ ಮ್ಯಾನೇಜರರಿಗೆ. ಕ್ಷಮೆ ಕೇಳುವ ಮುಖ ನನಗಿಲ್ಲ.

ನೀವು ಸೇವ್ ಒತ್ತಿದ್ದಿರಿ ಎಂದೇ ನಂಬಿದ್ದೇನೆ. ಆದರೆ ಯಾರು, ಯಾವಾಗ ಯಾವ ಹೆಸರು ಸೇರಿಸಿದರು ಎಂಬ ಗುರುತು ಆ ಅರೇಯಲ್ಲಿ ಇರಲಿಲ್ಲ, ಇನ್ನು ಸಿಗುವುದೂ ಇಲ್ಲ. ಸಿಸ್ಟಮ್ ಹೆಸರು ನುಂಗಬಲ್ಲದು; ಗುಂಡಪ್ಪನವರ ಹೆಸರು ಹಾಗೇ ಹೋಯಿತೋ ಇಲ್ಲವೋ ನನಗೆ ಗೊತ್ತಿಲ್ಲ. ಆ ದಿನ ಎಲ್ಲರ ಮುಂದೆ ಹೇಳಬೇಕಾಗಿದ್ದದ್ದೂ ಇಷ್ಟೇ—ನನಗೆ ಗೊತ್ತಿಲ್ಲ.