ಗುರುಸಿದ್ದಪ್ಪನವರ ಎಡಗೆನ್ನೆ

ಕೋವಿಡ್ ಕಳೆದ ಮರುವರ್ಷ ನಾನು ಮುಂಬೈ ಫೋರ್ಟಿನ ಖಾಸಗಿ ಲ್ಯಾಬೊಂದರಲ್ಲಿ ಹಿರಿಯ ಕನ್ಸರ್ವೇಟರ್ ಆಗಿದ್ದೆ. ಹಳೆಯ ಚಿತ್ರಗಳ ಕೊಳೆ ತೆಗೆದು ಹಾನಿ ಸರಿಪಡಿಸುವ ಕೆಲಸ. ಆಗ ಕೈಗೆ ಬಂದ ಒಂದು ತೈಲಚಿತ್ರ ಈಗಲೂ ನೆಮ್ಮದಿ ಕೆಡಿಸುತ್ತದೆ.

ತಂದವರು ಮಹಾದೇವಿ, ವಿಜಯಪುರದ ಕಡೆಯವರು, ಗೋರೆಗಾಂವ್‌ನಲ್ಲಿ ವಾಸ. ತೀರಿಕೊಂಡ ಪತಿ ಗುರುಸಿದ್ದಪ್ಪ ಗ್ರಾಂಟ್ ರೋಡಿನಲ್ಲಿ ಅಂಗಡಿ ಬೋರ್ಡು, ಸಿನಿಮಾ ಬ್ಯಾನರ್ ಬರೆಯುತ್ತಿದ್ದರು. ಹೋಟೆಲಿನ ಅಡುಗೆಮನೆಯ ಮೇಲಿನ ಕೋಣೆಯೇ ಸ್ಟುಡಿಯೊ. ಅಲ್ಲಿ ಬ್ರಷ್ ಹಿಡಿದು ನಿಂತ ತಮ್ಮನ್ನೇ ಅವರು ಒಮ್ಮೆ ಬರೆದುಕೊಂಡಿದ್ದರು. ಚಿತ್ರದ ತುಂಬ ಹೊಗೆ ಕೂತಿತ್ತು.

"ಮಾರಿ ಕಾಣವಲ್ದು, ಬಾಯಾರ. ಬರೇ ಮಾರಿ ಕಾಣಂಗ ಮಾಡಿಕೊಡ್ರಿ," ಎಂದರು ಮಹಾದೇವಿ, ಚಿತ್ರದ ಮುಖದತ್ತ ಬೆರಳು ತೋರಿಸಿ.

ಮೊದಲು ಮೂಲೆಯಲ್ಲಿ ಪರೀಕ್ಷಿಸುವುದು ನಿಯಮ. ಚಿತ್ರದ ಗೋಡೆಯ ಮೇಲೆ ಕೊಳೆ ಕರಗಿಸುವ ಸಾಲ್ವೆಂಟ್‌ನಲ್ಲಿ ಅದ್ದಿದ ಹತ್ತಿ ಆಡಿಸಿದೆ. ಹತ್ತಿಗೆ ಕಂದು ಬಂತು, ಕೆಳಗೆ ತಿಳಿನೀಲಿ ಕಂಡಿತು. ಹೊಗೆಯೇ. ಕೆನ್ನೆಯಲ್ಲೂ ಕಂದು ಬಂತು, ಕೆಳಗೆ ಗುಲಾಬಿ. ಕೈ ಮುಂದುವರಿಯಿತು. ಎಡಗೆನ್ನೆ ಮುಗಿದೊಡನೆ ನಿಲ್ಲಿಸಿದೆ ಎಂದು ನೆನಪು. ಅಂದಿನ ಡೈರಿಯಲ್ಲಿ ಅರ್ಧ ಹಣೆಯೂ ಸೇರಿದೆ. ನೆನಪು ಯಾವಾಗಲೂ ನನ್ನ ಪರವೇ ವಾದಿಸುತ್ತದೆ.

ಹೆಮ್ಮೆಯಿಂದಲೇ ಮಹಾದೇವಿಯವರನ್ನು ಕರೆಸಿದೆ. ಹತ್ತಿರ ಬಂದು ನೋಡಿದರು.

"ಇದ್ಯಾವ ಹೀರೋನ್ರಿ? ನಮ್ಮವರು ಇಷ್ಟ್ ಬೆಳ್ಳಗ ಎಲ್ಲಿದ್ದರು?"

ನಾನು ನಕ್ಕೆ. ಅವರು ನಗಲಿಲ್ಲ. ಬ್ಯಾನರಿನ ಪ್ರತಿ ಮುಖಕ್ಕೂ ಪತಿ ಮೊದಲು ಗುಲಾಬಿ ಹಚ್ಚುತ್ತಿದ್ದರಂತೆ. ಹೀರೋಗಳನ್ನು ಅಲ್ಲಿಗೇ ಬಿಡುತ್ತಿದ್ದರಂತೆ. "ತಮ್ಮ ಮಾರಿಗೆ ಮಾತ್ರ ವಾರ್ನಿಷ್‌ದಾಗ ಕಂದು ಕಲಸಿ ಮ್ಯಾಲೆ ಸವರಿದ್ರು. ಕನ್ನಡ್ಯಾಗ ನೋಡಿ ನೋಡಿ, ಮೂರ್ ಸಲ."

ನಾನು ಅಳಿಸಿದ್ದು ಅವರ ಮೈಬಣ್ಣವನ್ನು. ಗುಲಾಬಿಯೇ ಮೂಲವೆಂದು ಅಷ್ಟು ಸುಲಭವಾಗಿ ಯಾಕೆ ನಂಬಿದೆ? ಪರೀಕ್ಷೆ ಗೋಡೆಗಷ್ಟೇ ಆಗಿತ್ತು ಎಂಬುದು ಅರ್ಧ ಉತ್ತರ. ಕಪ್ಪು ಮೈಯನ್ನು ಕೊಳೆ ಎಂದುಕೊಂಡೆ ಎಂಬುದು ಉಳಿದರ್ಧ.

ಫೋಟೊ ಇದೆಯೇ ಎಂದು ಕೇಳಿದೆ. "ಆಧಾರ್ ಐತಿ. ಅದ್ರಾಗ ನಾವಿಬ್ರೂ ಒಂದ ಬೂದಿ ಬಣ್ಣ."

ಬಲಗೆನ್ನೆಯ ಕಂದಿನಲ್ಲಿ ಹೊಗೆಯೆಷ್ಟು, ಗುರುಸಿದ್ದಪ್ಪನವರು ಎಷ್ಟು ಎಂದು ಹೇಳಬಲ್ಲವರು ಆಕೆ ಒಬ್ಬರೇ. ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಮುಂದೆ ಬೇಕೆಂದರೆ ತೆಗೆಯಬಹುದಾದ ಬಣ್ಣವನ್ನು ಎಡಗೆನ್ನೆಗೂ ಹಣೆಗೂ ತೆಳ್ಳಗೆ ಹಚ್ಚುತ್ತ ಹೋದೆ.

"ಇನ್ನಷ್ಟ್ ಹಚ್ರಿ... ಹಾಂ, ಸಾಕ್ ಸಾಕು!"

ದೂರ ಸರಿದು ಬಹಳ ಹೊತ್ತು ನೋಡಿದರು. "ನಮ್ಮವರ ತಮ್ಮನಂಗ ಅದಾರ," ಎಂದು ಚಿತ್ರವನ್ನು ಹಳೆಯ ಸೀರೆಯಲ್ಲಿ ಸುತ್ತಿದರು.

ಅಂದಿನಿಂದ ಮುಖವಿರುವ ಚಿತ್ರ ಬಂದರೆ, ಹತ್ತಿ ಅದ್ದುವ ಮೊದಲು ಆ ಮುಖವನ್ನು ಕಂಡವರನ್ನು ಕರೆಸುತ್ತೇನೆ. ಕಂಡವರು ಯಾರೂ ಉಳಿದಿಲ್ಲವೆಂದರೆ ಗೋಡೆ, ಬಟ್ಟೆಗಳನ್ನಷ್ಟೇ ಶುಚಿಮಾಡಿ, ಮುಖವನ್ನು ಇದ್ದ ಹಾಗೇ ಬಿಡುತ್ತೇನೆ.